ಇಂದಿನ ಧಮ್ಮ ಚಿಂತನೆ: ಕಾಲೇಜು ಬಿಡುವ ಮೊದಲು ಕಾರಣ ಹುಡುಕೋಣ

 



ಕಳೆದ ಭಾನುವಾರ ಹೊನ್ನಾವರದಲ್ಲಿ ವಂದನೆ ಮುಗಿದ ಮೇಲೆ ಕುಮಟಾ ಕಡೆಯ ಅಕ್ಕ ಒಬ್ಬರು ಮಗಳ ಜೊತೆ ಬಂದು ಕೂತರು. ಮಗಳು ದೂರದ ಊರಿನಲ್ಲಿ ಬಿ.ಎಸ್ಸಿ. ನರ್ಸಿಂಗ್ ಓದುತ್ತಿದ್ದಾಳೆ. ಮೊದಲ ಸೆಮಿಸ್ಟರಿನಲ್ಲಿ ಅನಾಟಮಿ–ಫಿಸಿಯಾಲಜಿ ಪೇಪರ್ ಉಳಿದಿದೆ, ಎಸ್‌ಜಿಪಿಎ ತೀರಾ ಕಡಿಮೆ. "ಆ ಕಾಲೇಜು ನನಗೆ ಬೇಡ, ಬೇರೆ ಕಡೆ ಹಾಕಿಸಿ" ಎನ್ನುತ್ತಾಳೆ ಮಗಳು. "ಸಂಘದ ಸಾಲವೇ ತೀರಿಲ್ಲ, ಮತ್ತೆ ಫೀಸು ಎಲ್ಲಿಂದ ತರಲಿ?" ಎನ್ನುತ್ತಾರೆ ತಾಯಿ.

ಭಗವಾನ್ ಬುದ್ಧರು ದುಃಖವನ್ನು ಗುರುತಿಸಿದ ಮೇಲೆ ಮೊದಲು ಕೇಳಿದ್ದು ಅದರ ಕಾರಣವನ್ನು. ನಾವೂ ತಂಗಿಯನ್ನು ಅದನ್ನೇ ಕೇಳಿದೆವು.

ಮೊದಲ ಕಾರಣ ಬೇಗ ಸಿಕ್ಕಿತು. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮ. ಪಿಯುಸಿಯನ್ನು ಬಾಯಿಪಾಠದಲ್ಲಿ ದಾಟಿದ್ದಾಳೆ. ಈಗ ಪಾಠ ಅರ್ಥವಾಗುವುದಿಲ್ಲ, ಕೇಳಲು ನಾಚಿಕೆ. ಈ ಕಾರಣ ಕಾಲೇಜಿನಲ್ಲಿಲ್ಲ. ಕಾಲೇಜು ಬದಲಿಸಿದರೆ ಅದೂ ನಮ್ಮ ಜೊತೆಗೇ ರೈಲು ಹತ್ತುತ್ತದೆ.

ಎರಡನೆಯದು ತಡವಾಗಿ ಬಂತು. ಹಾಸ್ಟೆಲ್ಲಿನಲ್ಲಿ ಜಾತಿ ಕೇಳಿದ್ದಾರೆ, "ರಿಸರ್ವೇಷನ್ನಿನವಳು" ಎಂದು ನಕ್ಕಿದ್ದಾರೆ. ಈ ಕಾರಣ ಅಲ್ಲಿದೆ, ಅವಳಲ್ಲಿಲ್ಲ. ಇದನ್ನು ಸಹಿಸಿಕೋ ಎಂದು ಹೇಳುವುದು ಧಮ್ಮವಲ್ಲ. ಪ್ರಾಂಶುಪಾಲರಿಗೆ ಲಿಖಿತ ದೂರು ಕೊಡಬೇಕು, ಪ್ರತಿ ಇಟ್ಟುಕೊಳ್ಳಬೇಕು. ರ‍್ಯಾಗಿಂಗ್ ವಿರೋಧಿ ರಾಷ್ಟ್ರೀಯ ಸಹಾಯವಾಣಿ 1800-180-5522 ಇದೆ. ದೂರು ಕೊಟ್ಟ ಮೇಲೂ ಸರಿಹೋಗದಿದ್ದರೆ ಕಾಲೇಜು ಬಿಡುವುದು ಸೋಲಲ್ಲ.

ಆದರೆ ಬಿಡುವ ರೀತಿ ಇದೆ. ಕಾಲೇಜು ಬದಲಾವಣೆ ನಮ್ಮ ಇಷ್ಟವೊಂದರಿಂದಲೇ ಆಗುವುದಿಲ್ಲ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಕಾಲೇಜಾದರೆ ಅದರ ನಿಯಮ ಮೊದಲು ನೋಡಬೇಕು, ಎರಡೂ ಕಾಲೇಜುಗಳ ಒಪ್ಪಿಗೆ ಕೇಳಬೇಕು. ಸ್ಕಾಲರ್‌ಶಿಪ್ ಮುಂದುವರಿಯುತ್ತದೆಯೇ ಎಂದು ತಾಲ್ಲೂಕಿನ ಸಮಾಜ ಕಲ್ಯಾಣ ಇಲಾಖೆಯಲ್ಲಿ ವಿಚಾರಿಸಬೇಕು. ಅನುಮತಿ ಕೈಗೆ ಬರುವ ಮೊದಲು ಟಿ.ಸಿ. ತೆಗೆಯಬಾರದು. ಉಳಿದ ಪೇಪರನ್ನು ಎಲ್ಲಿದ್ದರೂ ಪಾಸು ಮಾಡಲೇಬೇಕು.

ಬಾಬಾಸಾಹೇಬರನ್ನು ನೆನೆಯೋಣ. 1907ರ ಮೆಟ್ರಿಕ್ಯುಲೇಷನ್‌ನಲ್ಲಿ ಅವರಿಗೆ ಬಂದದ್ದು 750ಕ್ಕೆ 282 ಅಂಕ. ಆ ಅಂಕ ಅವರ ಅಳತೆಯಾಗಲಿಲ್ಲ. 1917ರಲ್ಲಿ ಬರೋಡಾದ ವಿದ್ಯಾರ್ಥಿವೇತನ ಮುಗಿದು ಲಂಡನ್ನಿನ ಓದನ್ನು ಅರ್ಧಕ್ಕೆ ಬಿಡಬೇಕಾಯಿತು. ಆಗ ಅವರು ನಾಲ್ಕು ವರ್ಷದೊಳಗೆ ಮರಳಿ ಓದಲು ಅನುಮತಿ ಪಡೆದೇ ಹೊರಟರು. ಮುಂಬೈಯಲ್ಲಿ ಪಾಠ ಹೇಳಿ ಹಣ ಕೂಡಿಸಿ 1920ರಲ್ಲಿ ಅದೇ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸಿಗೆ ಹೋದರು. 1923ರಲ್ಲಿ ಡಿ.ಎಸ್ಸಿ. ಪಡೆದರು. ಬಿಡಬೇಕಾದಾಗಲೂ ಬಾಗಿಲು ತೆರೆದಿಟ್ಟು ಬಿಟ್ಟರು.

ತಂಗಿ ಹೀಗೆ ನಿರ್ಧರಿಸಿದ್ದಾಳೆ: ದೂರು ಈ ವಾರವೇ ಕೊಡುವುದು. ಉಳಿದ ಪೇಪರ್ ಬರೆಯುವುದು. ಕಾಲೇಜಿನ ಮಾತು ಆಮೇಲೆ. ಭಟ್ಕಳದಲ್ಲಿರುವ ನಮ್ಮ ಬಳಗದ ನರ್ಸ್ ಅಕ್ಕ ಒಬ್ಬರು ರಾತ್ರಿ ಫೋನಿನಲ್ಲಿ ಅನಾಟಮಿಯನ್ನು ಕನ್ನಡದಲ್ಲಿ ಬಿಡಿಸಿ ಹೇಳಲು ಒಪ್ಪಿದ್ದಾರೆ. ನಿರ್ಧಾರ ಅವಳದು, ಜೊತೆಗಿರುವುದು ನಮ್ಮ ಕೆಲಸ.

ವಿನಯಪಿಟಕದಲ್ಲಿ ಒಂದು ಪ್ರಸಂಗವಿದೆ. ಭೇದಿಯಿಂದ ಬಿದ್ದಿದ್ದ ಭಿಕ್ಷುವೊಬ್ಬನನ್ನು ಯಾರೂ ನೋಡಿಕೊಳ್ಳುತ್ತಿರಲಿಲ್ಲ. ಬುದ್ಧರು ಹತ್ತಿರ ಹೋಗಿ, ಏನು ಕಾಯಿಲೆ, ನೋಡಿಕೊಳ್ಳುವವರು ಏಕಿಲ್ಲ ಎಂದು ಕೇಳಿದರು. ಆಮೇಲೆ ಆನಂದನ ಜೊತೆ ಸೇರಿ ತಾವೇ ಅವನ ಮೈ ತೊಳೆದರು. ತಂಗಿ ಕಲಿಯುತ್ತಿರುವುದು ಇದೇ ಕೆಲಸವನ್ನು.

*ಇಂದಿನ ಅಭ್ಯಾಸ:* ಓದಿನಲ್ಲಿ ಹಿಂದೆ ಬಿದ್ದಿರುವ ನಮ್ಮ ಮನೆ, ಕೇರಿಯ ಒಂದು ಮಗುವಿಗೆ ಇಂದು ಫೋನ್ ಮಾಡೋಣ. ಅಂಕ ಕೇಳುವುದು ಬೇಡ. "ಏನು ಕಷ್ಟ ಆಗ್ತಿದೆ?" ಎಂದು ಕೇಳೋಣ.

ಭವತು ಸಬ್ಬ ಮಂಗಲಂ. ಸಾಧು, ಸಾಧು, ಸಾಧು.