ಮಾರ್ಕೆಟಿಂಗ್ ಕಲಿಕೆಗೆ ಅಂತರಜಾಲ: ಯಾವುದು, ಯಾವ ಕ್ರಮದಲ್ಲಿ?

ಮಾರ್ಕೆಟಿಂಗ್ ಎಂದರೆ ಜಾಹೀರಾತು ಎಂಬ ತಿಳಿವಳಿಕೆ ಸಣ್ಣ ಉದ್ದಿಮೆದಾರರಲ್ಲಿ ಇಂದಿಗೂ ಬಲವಾಗಿದೆ. ಸರಕು ಸಿದ್ಧವಾದ ಮೇಲೆ ಅದನ್ನು ಸಾರುವುದಷ್ಟೇ ಉಳಿದ ಕೆಲಸವೆಂದು ಭಾವಿಸುವ ವರ್ತಕರು ಅಂತರಜಾಲದಲ್ಲಿ ಮೊದಲು ಹುಡುಕುವುದೂ ಜಾಹೀರಾತಿನ ಪಾಠವನ್ನೇ. ಅಂತಹ ಪಾಠಗಳು ಉಚಿತವಾಗಿ, ಹೇರಳವಾಗಿ ದೊರೆಯುತ್ತವೆ. ಆದರೆ ಕಲಿಸುವವರು ಯಾರು, ಕಲಿಸುವುದರಿಂದ ಅವರಿಗಾಗುವ ಲಾಭವೇನು ಎಂಬುದನ್ನು ಸರಕು ಖರೀದಿಯಲ್ಲಿ ವಹಿಸುವಷ್ಟೇ ಎಚ್ಚರಿಕೆಯಿಂದ ವಿಚಾರಿಸುವುದು ಅಗತ್ಯ.

ಗೂಗಲ್ ಸಂಸ್ಥೆಯ ಸ್ಕಿಲ್‌ಶಾಪ್ ಮತ್ತು ಮೆಟಾ ಸಂಸ್ಥೆಯ ಬ್ಲೂಪ್ರಿಂಟ್ ಇಂತಹ ಎರಡು ತಾಣಗಳು. ಜಾಹೀರಾತನ್ನು ಯಾವ ಊರಿನವರಿಗೆ ತೋರಿಸಬೇಕು, ವೆಚ್ಚಕ್ಕೆ ಮಿತಿ ಹಾಕುವುದು ಹೇಗೆ ಎಂಬುದನ್ನು ಇಲ್ಲಿ ಅಚ್ಚುಕಟ್ಟಾಗಿ ಕಲಿಯಬಹುದು. ಆದರೆ ಇವೆರಡೂ ಜಾಹೀರಾತಿನ ಸ್ಥಳವನ್ನು ಮಾರುವ ಸಂಸ್ಥೆಗಳು. ಜಾಹೀರಾತು ಬೇಕೇ ಬೇಡವೇ ಎಂದು ಅವರನ್ನು ಕೇಳುವುದು, ಹೊಸ ಬಟ್ಟೆ ಬೇಕೇ ಎಂದು ಜವಳಿ ಅಂಗಡಿಯವರನ್ನು ಕೇಳಿದಂತೆ.

ಬುನಾದಿಯ ತಿಳಿವಳಿಕೆಗೆ ಎನ್‌ಪಿಟಿಇಎಲ್ ಉತ್ತಮ. ಐಐಟಿಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಕೂಡಿ 2003ರಲ್ಲಿ ಆರಂಭಿಸಿದ ಈ ಯೋಜನೆಯ ಪಾಠಗಳು, ಕೇಂದ್ರ ಸರ್ಕಾರವು 2017ರಲ್ಲಿ ತೆರೆದ ಸ್ವಯಂ ತಾಣದಲ್ಲಿ ಲಭ್ಯ. ಪಾಠ ಉಚಿತ; ಪ್ರಮಾಣಪತ್ರದ ಪರೀಕ್ಷೆಗೆ ಮಾತ್ರ ಶುಲ್ಕ. ಹೆಚ್ಚಿನವು ಇಂಗ್ಲಿಷಿನಲ್ಲಿದ್ದು, ವಿದ್ಯಾರ್ಥಿಗಳನ್ನು ಉದ್ದೇಶಿಸಿ ರಚಿತವಾಗಿವೆ. ವರ್ತಕರು ಎಲ್ಲವನ್ನೂ ಕೇಳಬೇಕಾಗಿಲ್ಲ. ಗ್ರಾಹಕರ ವರ್ಗೀಕರಣ, ಬೆಲೆ ನಿಗದಿ ಹಾಗೂ ವಿತರಣಾ ವ್ಯವಸ್ಥೆಯ ಅಧ್ಯಾಯಗಳು ಸಾಕು.

ಮುಂದಿನ ಹೆಜ್ಜೆ ಸ್ವಂತ ಸರಕಿನ ಪ್ರಶ್ನೆಗಳಿಗೆ ಉತ್ತರ ಹುಡುಕುವುದು. ಬ್ಯಾಡಗಿ ಮೆಣಸಿನಕಾಯಿಯ ಪುಡಿಯನ್ನು ಪೊಟ್ಟಣ ಕಟ್ಟಿ ದೂರದ ಊರುಗಳಿಗೆ ಕಳುಹಿಸಬಯಸುವ ಘಟಕವೊಂದನ್ನು ಉದಾಹರಣೆಗೆ ಪರಿಗಣಿಸಬಹುದು. ಜನರು ಯಾವ ಪದವನ್ನು, ಯಾವ ಪ್ರದೇಶದಿಂದ ಹುಡುಕುತ್ತಿದ್ದಾರೆ ಎಂಬುದನ್ನು 2006ರಲ್ಲಿ ಆರಂಭವಾದ ಗೂಗಲ್ ಟ್ರೆಂಡ್ಸ್ ಉಚಿತವಾಗಿ ತೋರಿಸುತ್ತದೆ. ಇದರಷ್ಟು ಉಪಯುಕ್ತವಾದ ಸಾಧನ ವಿರಳ. ಇದರಷ್ಟು ತಪ್ಪಾಗಿ ಓದಲ್ಪಡುವುದೂ ವಿರಳ. ಅದು ನೀಡುವ 0ಯಿಂದ 100ರವರೆಗಿನ ಅಂಕಿ ಹುಡುಕಿದವರ ಸಂಖ್ಯೆಯಲ್ಲ. ಆಯ್ದ ಅವಧಿಯಲ್ಲಿ ಆ ಪದದ ಹುಡುಕಾಟವು ಅತ್ಯುಚ್ಚ ಮಟ್ಟ ತಲುಪಿದ ಬಿಂದುವೇ 100. ಪ್ರದೇಶಗಳ ಹೋಲಿಕೆಯಲ್ಲಿ ಆಯಾ ಪ್ರದೇಶದ ಒಟ್ಟು ಹುಡುಕಾಟದೊಳಗೆ ಆ ಪದದ ಪಾಲನ್ನು ಲೆಕ್ಕ ಹಾಕಲಾಗುತ್ತದೆ. ಹೀಗಾಗಿ ಸಣ್ಣ ಊರೊಂದರ ಅಂಕಿ ಬೆಂಗಳೂರಿಗಿಂತ ಹೆಚ್ಚಿದ್ದರೂ ಅಲ್ಲಿ ಗ್ರಾಹಕರು ಹೆಚ್ಚೆಂದು ಅರ್ಥವಲ್ಲ. ಸೊನ್ನೆ ಕಂಡರೆ ಯಾರೂ ಹುಡುಕಿಲ್ಲವೆಂದೂ ಅಲ್ಲ. ಸಾಕಷ್ಟು ಮಾಹಿತಿ ಇಲ್ಲವೆಂದಷ್ಟೇ.

ಬ್ಯಾಡಗಿ ಎಂಬ ಹೆಸರನ್ನು ಕನ್ನಡದಲ್ಲಿ ಬರೆಯುವವರೂ ಉಂಟು, ಇಂಗ್ಲಿಷಿನಲ್ಲಿ ಎರಡು ಮೂರು ಬಗೆಯಾಗಿ ಬರೆಯುವವರೂ ಉಂಟು. ಪ್ರತಿಯೊಂದನ್ನೂ ಬೇರೆಬೇರೆಯಾಗಿ ಪರೀಕ್ಷಿಸಬೇಕು. ಹಾವೇರಿಯ ಕಡೆ ಹುಡುಕುವವರು ಕೊಳ್ಳುವವರೇ ಆಗಿರಬೇಕೆಂದಿಲ್ಲ. ಅಂದಿನ ಪೇಟೆ ಧಾರಣೆ ತಿಳಿಯಬಯಸುವ ರೈತರೂ ಆಗಿರಬಹುದು. ಹೆಸರಿನೊಡನೆ ‘ಪುಡಿ’ ಎಂದು ಸೇರಿಸಿದಾಗ ಮತ್ತು ‘ದರ’ ಎಂದು ಸೇರಿಸಿದಾಗ ದೊರೆಯುವ ಚಿತ್ರಗಳನ್ನು ಹೋಲಿಸಿದರೆ ಈ ವ್ಯತ್ಯಾಸ ಸ್ವಲ್ಪಮಟ್ಟಿಗೆ ತಿಳಿಯುತ್ತದೆ.

ರಫ್ತಿನ ಆಲೋಚನೆ ಇರುವವರಿಗೆ ಜಿನೀವಾದ ಅಂತರರಾಷ್ಟ್ರೀಯ ವ್ಯಾಪಾರ ಕೇಂದ್ರದ ಟ್ರೇಡ್ ಮ್ಯಾಪ್ ತಾಣವಿದೆ. ಒಣಮೆಣಸಿನಕಾಯಿಯ ಎಚ್.ಎಸ್. ಸಂಕೇತ 090421, ಪುಡಿಯದು 090422. ಸಂಕೇತ ನೀಡಿದರೆ ಯಾವ ದೇಶ ಎಷ್ಟು ಆಮದು ಮಾಡಿಕೊಂಡಿತೆಂಬ ವಿವರ ದೊರೆಯುತ್ತದೆ. ಮೌಲ್ಯವನ್ನು ಪ್ರಮಾಣದಿಂದ ಭಾಗಿಸಿದರೆ ಸರಾಸರಿ ಬೆಲೆ ತಿಳಿಯುತ್ತದೆ. ಆದರೆ ಈ ಸಂಕೇತದಲ್ಲಿ ತಳಿಗಳ ಭೇದವಿಲ್ಲ. ಖಾರಕ್ಕಾಗಿ ಕೊಳ್ಳುವ ಮೆಣಸಿನಕಾಯಿಯೂ ಬಣ್ಣಕ್ಕೆ ಹೆಸರಾದ ಬ್ಯಾಡಗಿಯೂ ಅಲ್ಲಿ ಒಂದೇ. ಆ ಸರಾಸರಿಯನ್ನು ಆಧಾರವಾಗಿಟ್ಟು ದರಪಟ್ಟಿ ಕಳುಹಿಸಿದರೆ ನಷ್ಟ ತಪ್ಪಿದ್ದಲ್ಲ.

ಪೊಟ್ಟಣ ಮುದ್ರಿಸುವ ಮುನ್ನ ನೋಡಲೇಬೇಕಾದ ಇನ್ನೊಂದು ತಾಣ, ಭಾರತ ಸರ್ಕಾರದ ವ್ಯಾಪಾರ ಚಿಹ್ನೆಗಳ ನೋಂದಣಿ ಇಲಾಖೆಯದು. ಆಯ್ದ ಹೆಸರನ್ನು ಬೇರೆಯವರು ಈಗಾಗಲೇ ನೋಂದಾಯಿಸಿದ್ದರೆ ಮುದ್ರಿತ ಪೊಟ್ಟಣಗಳೆಲ್ಲ ವ್ಯರ್ಥವಾಗುವ ಸಂಭವವಿದೆ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಜಿ.ಐ. ಮಾನ್ಯತೆ ದೊರೆತಿರುವುದರಿಂದ, ಆ ಹೆಸರಿನ ಅಧಿಕೃತ ಬಳಕೆದಾರರ ನೋಂದಣಿ ಕುರಿತು ಚೆನ್ನೈನಲ್ಲಿರುವ ಜಿ.ಐ. ನೋಂದಣಿ ಕಚೇರಿಯ ನಿಯಮಗಳನ್ನೂ ಓದಿಕೊಳ್ಳುವುದು ಕ್ಷೇಮ. ವ್ಯಾಪಾರ ಚಿಹ್ನೆಗಳಲ್ಲಿ ಮಸಾಲೆ ಪದಾರ್ಥಗಳು 30ನೆಯ ವರ್ಗಕ್ಕೆ ಸೇರುತ್ತವೆ. ಹುಡುಕುವಾಗ ಅಕ್ಷರದ ಹೋಲಿಕೆಯ ಜೊತೆಗೆ ಉಚ್ಚಾರಣೆಯ ಹೋಲಿಕೆಯನ್ನೂ ಆಯ್ದುಕೊಳ್ಳುವ ಸೌಲಭ್ಯವಿದೆ. ಕನ್ನಡದ ಹೆಸರನ್ನು ಇಂಗ್ಲಿಷಿನಲ್ಲಿ ಹಲವು ಬಗೆಯಾಗಿ ಬರೆಯಬಹುದಾದ ಕಾರಣ ಇದನ್ನು ಬಳಸದೆ ಬಿಡಬಾರದು.