ತೋರಾ ಸ್ವೀಕಾರ: ಒಂದು ಹಬ್ಬ, ಎರಡು ಉಪವಾಸ

ಫಳ್ನೀರ್, ಬಂದರು ಮುಂತಾದ ಭಾಗಗಳನ್ನೊಳಗೊಂಡ ಮಂಗಳೂರಿಗೆ ಯೆಹೂದ್ಯ ಮತದ ಪರಿಚಯ ಹೊಸದಲ್ಲ. ಟುನೀಸಿಯಾ ಮೂಲದ ಯೆಹೂದ್ಯ ವರ್ತಕ ಅಬ್ರಹಾಂ ಬೆನ್ ಯಿಜು 1132ರಿಂದ 1149ರವರೆಗಿನ ಅವಧಿಯ ಬಹುಭಾಗವನ್ನು ಈ ಊರಿನಲ್ಲಿಯೇ ಕಳೆದನು. ಅವನ ಪತ್ರಗಳು ಕೈರೋ ನಗರದ ಪ್ರಾರ್ಥನಾಮಂದಿರವೊಂದರ ಕೋಣೆಯಲ್ಲಿ ಉಳಿದುಬಂದುವು. ದೇವನಾಮವಿರಬಹುದಾದ ಬರಹವು ಜೀರ್ಣವಾದರೂ ಅದನ್ನು ಬಿಸುಡಬಾರದೆಂಬುದು ಯೆಹೂದ್ಯರ ಆಚಾರ. ಜಿನವಾಣಿಯ ತಾಳೆಗರಿಗಳನ್ನು ಮೂಡುಬಿದಿರೆಯಲ್ಲಿ ಶತಮಾನಗಳ ಕಾಲ ಕಾಪಾಡಿಕೊಂಡು ಬಂದ ಸಮಾಜಕ್ಕೆ ಈ ಭಾವವನ್ನು ವಿವರಿಸಬೇಕಾಗಿಲ್ಲ.

ಮೋಶೆಯ ಐದು ಗ್ರಂಥಗಳೇ ತೋರಾ. ಸೀನಾಯ್ ಪರ್ವತದಲ್ಲಿ ಅದು ದೊರೆತ ದಿನವನ್ನು ಸೀವಾನ್ ಮಾಸದ 6ರಂದು ಶಾವೂಓತ್ ಹಬ್ಬವಾಗಿ ಆಚರಿಸುತ್ತಾರೆ. ಅಂದು ಉಪವಾಸವಿಲ್ಲ, ರಾತ್ರಿಯೆಲ್ಲ ಜಾಗರಣೆಯಿದ್ದು ಸ್ವಾಧ್ಯಾಯ ಮಾಡುವ ರೂಢಿಯುಂಟು. ಜನರು ಮೊದಲು ಆಚರಿಸುವೆವೆಂದೂ ಅನಂತರ ಕೇಳಿ ತಿಳಿಯುವೆವೆಂದೂ ಒಪ್ಪಿಕೊಂಡರೆಂಬ ವಿಷಯವನ್ನು ಅವರ ಪಂಡಿತರು ಬಹುವಾಗಿ ಶ್ಲಾಘಿಸಿದ್ದಾರೆ. ದರ್ಶನ, ಜ್ಞಾನಗಳ ಬಳಿಕ ಚಾರಿತ್ರವನ್ನು ಹೇಳುವ ಜೈನಕ್ರಮವು ಇದಕ್ಕಿಂತ ಭಿನ್ನವಾದುದು.

ಆದರೆ ಒಪ್ಪಿದ ಮಾತು ನಲವತ್ತು ದಿನಗಳೂ ನಿಲ್ಲಲಿಲ್ಲ. ಜನರು ಚಿನ್ನದ ಕರುವನ್ನು ಪೂಜಿಸುತ್ತಿರುವುದನ್ನು ಕಂಡು ಮೋಶೆಯು ಶಿಲಾಫಲಕಗಳನ್ನು ಒಡೆದನು. ತಮ್ಮೂಜ್ ಮಾಸದ 17ರ ಉಪವಾಸವು ಆ ಭಂಗದ ಸ್ಮರಣೆ. ಎರಡನೆಯ ಬಾರಿ ಫಲಕಗಳು ದೊರೆತುದು ತಿಶ್ರಿ ಮಾಸದ 10ರಂದು ಎಂದು ಸಂಪ್ರದಾಯವು ಹೇಳುತ್ತದೆ. ಅದೇ ಯೋಮ್ ಕಿಪ್ಪೂರ್; ಸುಮಾರು 25 ಗಂಟೆಗಳ ನಿರ್ಜಲ ಉಪವಾಸ. ಅಂದು ಚರ್ಮದ ಪಾದರಕ್ಷೆಯೂ ವರ್ಜ್ಯ. ಒಡೆದ ಚೂರುಗಳನ್ನೂ ಹೊಸ ಫಲಕಗಳನ್ನೂ ಒಂದೇ ಮಂಜೂಷದಲ್ಲಿ ಇರಿಸಿದ್ದರೆಂದು ತಾಲ್ಮೂದ್ ತಿಳಿಸುತ್ತದೆ.

ವ್ರತಭಂಗವಾದವನಿಗೆ ಪ್ರಾಯಶ್ಚಿತ್ತಪೂರ್ವಕ ಪುನಃ ವ್ರತಾರೋಪಣವನ್ನು ವಿಧಿಸುವ ಛೇದೋಪಸ್ಥಾಪನೆಯನ್ನು ಬಲ್ಲವರಿಗೆ ಈ ಎರಡನೆಯ ಸ್ವೀಕಾರವೇ ಹೆಚ್ಚು ಅರ್ಥಪೂರ್ಣವಾಗಿ ತೋರುವುದು ಸಹಜ. ಗ್ರಂಥವನ್ನು ಕೊಟ್ಟವನು ಈಶ್ವರನೆಂಬ ಅವರ ನಂಬಿಕೆ ಜೈನಸಿದ್ಧಾಂತಕ್ಕೆ ಒಪ್ಪುವಂಥದಲ್ಲ. ಅದು ಬೇರೆಯ ಚರ್ಚೆ. ಉಪವಾಸವೊಂದರಿಂದಲೇ ಎಲ್ಲ ದೋಷಗಳೂ ಕಳೆಯುವುವೆಂದು ಅವರೂ ಹೇಳುವುದಿಲ್ಲ. ನೆರೆಯವನಿಗೆ ಮಾಡಿದ ಅಪರಾಧವು ಅವನನ್ನು ಸಮಾಧಾನಪಡಿಸುವವರೆಗೆ ಯೋಮ್ ಕಿಪ್ಪೂರ್ ದಿನದಿಂದಲೂ ಪರಿಹಾರವಾಗದೆಂಬುದು ಮಿಶ್ನಾದ ವಿಧಿ. ಆದುದರಿಂದ ಅದರ ಹಿಂದಿನ ದಿನಗಳಲ್ಲಿ ಅವರು ಬಂಧುಮಿತ್ರರ ಬಳಿಗೆ ಹೋಗಿ ಕ್ಷಮೆ ಯಾಚಿಸುತ್ತಾರೆ.