ಝೂ ಬೆಂಚಿನ ಇಂಜಿನಿಯರಿಂಗ್

1892ರಲ್ಲಿ ಶುರುವಾದ ಮೈಸೂರು ಝೂ ಪೂರ್ತಿ ನೋಡೋಕೆ ತುಂಬಾ ದೂರ ನಡೀಬೇಕು. ನಮಗೆ ಸುಲಭ. ಕೂರೋಕೆ ಜಾಗ ಸಿಗದಿದ್ದರೆ ಅಜ್ಜಿ ಮಾತ್ರ ಅರ್ಧಕ್ಕೇ ವಾಪಸ್, ಹುಲಿ ನೋಡೋಕೇ ಆಗಲ್ಲ.

ಹಾಗಾದರೆ ಬೆಂಚು ಹೇಗಿರಬೇಕು? ಎತ್ತರ ಸುಮಾರು 45 ಸೆಂಟಿಮೀಟರ್. ತೀರಾ ತಗ್ಗಾದರೆ ಏಳುವಾಗ ಮಂಡಿಯ ಮೇಲಿನ ಟಾರ್ಕ್ ಜಾಸ್ತಿಯಾಗುತ್ತೆ. ತೀರಾ ಎತ್ತರವಾದರೆ ಕಾಲು ನೇತಾಡಿ ತೊಡೆಯ ಕೆಳಗೆ ಒತ್ತುತ್ತೆ. ಆರ್ಮ್‌ರೆಸ್ಟ್ ಇದ್ದರೆ ಸ್ವಲ್ಪ ಭಾರ ತೋಳಿಗೆ ಹೋಗುತ್ತೆ. ಗ್ರಾನೈಟ್ ಬಾಳಿಕೆ ಬರುತ್ತೆ, ಆದರೆ ಮರಕ್ಕಿಂತ ಬೇಗ ಶಾಖ ದಾಟಿಸುತ್ತೆ. ಅದಕ್ಕೇ ಬಿಸಿಲಲ್ಲಿ ಸುಡುತ್ತೆ. ನೆರಳು ಬೇಕೇ ಬೇಕು. ಕೂತವರಿಗೆ ಪ್ರಾಣಿ ಕಾಣಬೇಕು, ಮುಂದೆ ನಿಂತವರ ಬೆನ್ನಲ್ಲ.

ಹೊಸಹಳ್ಳಿ ಕಡೆ ಪಾರ್ಕಿಗೆ ಹೋದಾಗ ಟೇಪು ಹಿಡಿದು ಒಂದು ಬೆಂಚು ಅಳೆಯಿರಿ. ಹಿರಿಯರು ಏಳುವಾಗ ಕೈ ಎಲ್ಲಿ ಊರುತ್ತಾರೆ ಅಂತ ಗಮನಿಸಿ. ಡಿಸೈನ್ ಅಲ್ಲಿಂದಲೇ ಶುರು.